ದಪ್ಪ ಅಂಗಿ ಯಾರಿಗೆ

ರಬ್ಬರ್ ಅಂಗಿಗಳು ಬಂದದ್ದು ರಾಯಚೂರಿನಿಂದ ಸಿಮೆಂಟು ಹೇರಿಕೊಂಡು ಬಂದ ಲಾರಿಯಲ್ಲಿ. ಮೇಸ್ತ್ರಿ ಬುರ್ಹಾನುದ್ದೀನ್ ಲಾರಿಯ ಹಿಂದಿನ ಹಲಗೆ ಇಳಿಸಿ ಅವನ್ನು ಎಳೆದು ನೆಲಕ್ಕೆ ಹಾಕಿದಾಗ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಶೇಖಮ್ಮಳಿಗೆ ಯಾರೋ ಎರಡು ಎಮ್ಮೆಗರುಗಳ ಚರ್ಮ ಸುಲಿದು ತಂದಿದ್ದಾರೆ ಅನ್ನಿಸಿತು.

ಎಂಬತ್ತಮೂರನೇ ಇಸವಿಯ ಚಳಿಗಾಲ. ದೇವದುರ್ಗ ತಾಲೂಕಿನ ಕೃಷ್ಣೆಯ ದಂಡೆಯಲ್ಲಿ ನೀರೆತ್ತುವ ದೊಡ್ಡ ಬಾವಿಯ ಕೆಲಸ ನಡೆದಿತ್ತು. ಹೊಳೆಯ ನೀರು ನೆಲದಡಿಯ ಕೊಳವೆಯಲ್ಲಿ ಹಾದು ಬಾವಿಗೆ ಬರಬೇಕು, ಅಲ್ಲಿಂದ ಪಂಪು ಮೇಲಕ್ಕೆತ್ತಬೇಕು. ಕೊಳವೆಯ ಬಾಯಿಗೊಂದು ಕಬ್ಬಿಣದ ಬಾಗಿಲು. ಮಳೆಗಾಲದ ಹೊಳೆ ತಂದು ತುರುಕಿದ ಹೂಳು, ಬೇರು, ಜಾಲಿಕೊಂಬೆ ಸಿಕ್ಕಿಕೊಂಡು ಆ ಬಾಗಿಲು ಅತ್ತ ಮುಚ್ಚದೆ ಇತ್ತ ತೆರೆಯದೆ ನಿಂತುಬಿಟ್ಟಿತ್ತು. ಯಾರಾದರೂ ಬಾವಿಯ ತಳಕ್ಕಿಳಿದು ಕೊಂಬೆಗಳನ್ನು ಕತ್ತರಿಸಿ, ಬಾಗಿಲಿಗೆ ಸರಪಳಿ ಸಿಕ್ಕಿಸಿ ಬರಬೇಕಿತ್ತು.

ಇಳಿಯುತ್ತಿದ್ದವರು ಇಬ್ಬರೇ. ಒಬ್ಬ ಶೇಖಮ್ಮಳ ಗಂಡ ಮೌನಪ್ಪ. ಅವನ ಮನೆತನದವರು ಇದೇ ಹೊಳೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವರು. ಇನ್ನೊಬ್ಬ ಅವಳ ತಮ್ಮ ಉರುಕುಂದಪ್ಪ. ಬೇಸಿಗೆಗೆ ಮಾನ್ವಿ ಕಡೆಯ ತವರೂರು ಹಿರೇಕೊಟ್ನೆಕಲ್ಲಿಗೆ, ಚಿಕ್ಕಪ್ಪನ ಮನೆಗೆ ಹೋದಾಗಲೆಲ್ಲ ಅಲ್ಲಿನ ಬಾವಿಗಳಲ್ಲಿ ಈಜು ಕಲಿತವನು. ಮುಳುಗಿದ ಕೊಡ, ಕಳಚಿ ಬಿದ್ದ ಗಡಗಡೆ ಏನೇ ಇರಲಿ, ತೆಗೆದುಕೊಡುತ್ತಿದ್ದ. ಹಿಂದಿನ ವರ್ಷ ಮುಂಬಯಿಯಿಂದ ಬಂದಿದ್ದ ಮುಳುಗುಗಾರರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಬಾಯಲ್ಲಿ ಉಸಿರಾಡುವುದನ್ನು ಇಬ್ಬರಿಗೂ ಕಲಿಸಿ ಹೋಗಿದ್ದರು. ಉಸಿರಿಗೇನೂ ಈಗ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಥಂಡಿಯದು.

ಮೇಲಿನ ಡ್ಯಾಮಿನಿಂದ ತಳದ ನೀರು ಬಿಡುತ್ತಿದ್ದರು. ಬಿಸಿಲು ಕಾಣದ ಆ ನೀರು ಬಾವಿಯಲ್ಲಿ ನಿಂತು ಇನ್ನಷ್ಟು ಕೊರೆಯುತ್ತಿತ್ತು. ಇಬ್ಬರೂ ಮೈಗೆ ಔಡಲೆಣ್ಣೆ ಬಳಿದುಕೊಂಡು ಇಳಿದು, ಸ್ವಲ್ಪ ಹೊತ್ತಿಗೇ ಮೇಲೆ ಬರುತ್ತಿದ್ದರು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಶೇಖಮ್ಮ ದಂಡೆಯಲ್ಲಿ ತೊಗರಿಕಟ್ಟಿಗೆಯ ಬೆಂಕಿ ಹಾಕಿಕೊಂಡು ಬಿಸಿ ಅಂಬಲಿ ಹಿಡಿದು ಕಾಯುತ್ತಿದ್ದಳು. ಬಟ್ಟಲು ಹಿಡಿಯಲೂ ಅವರಿಗೆ ಬೆರಳು ಬಾಗುತ್ತಿರಲಿಲ್ಲ. ಮೊದಲು ಗಂಡನಿಗೆ, ಆಮೇಲೆ ತಮ್ಮನಿಗೆ ಅವಳೇ ಕುಡಿಸುತ್ತಿದ್ದಳು.

ತಮ್ಮ ಅಂದರೂ ಅವನು ಅವಳಿಗೆ ಮಗನೇ. ಅವ್ವ ತೀರಿಕೊಂಡಾಗ ಉರುಕುಂದ ಇನ್ನೂ ಹಾಲುಹಲ್ಲಿನ ಕೂಸು. ಗಂಡನ ಮನೆಗೆ ಬರುವಾಗ ಅವನನ್ನು ಸೊಂಟದ ಮೇಲೆ ಹೊತ್ತೇ ಬಂದಿದ್ದಳು. ಅವಳ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಅತ್ತೆ ಹೋದಲ್ಲಿ ಬಂದಲ್ಲಿ, "ನನ್ನ ಮಗ ಇನ್ನೊಂದು ಮಾಡ್ಕೊಂಡ್ರ ಯಾರು ಬ್ಯಾಡಂತಾರ?" ಅನ್ನುತ್ತಿದ್ದಳು. ಮೌನಪ್ಪ ಅದಕ್ಕೆ ಹೂಂ ಅಂದವನೂ ಅಲ್ಲ, ಉಹೂಂ ಅಂದವನೂ ಅಲ್ಲ. ಅವನ ಆ ಸುಮ್ಮನಿರುವಿಕೆ ಶೇಖಮ್ಮಳ ನೆತ್ತಿಯ ಮೇಲೆ ವರ್ಷಗಟ್ಟಲೆ ತೂಗುತ್ತಿತ್ತು.

ಅಂಗಿಗಳನ್ನು ನೆಲದ ಮೇಲೆ ಬಿಡಿಸಿ ಹಾಸಿ ಬುರ್ಹಾನುದ್ದೀನ್ ಹೇಳಿದ. "ನೋಡ್ರಪಾ, ಇವಕ್ಕ ವೆಟ್ ಸೂಟ್ ಅಂತಾರ. ಒಂದು ದಪ್ಪಂದು, ಒಂದು ತೆಳ್ಳಂದು. ಸೋಮವಾರ ದೊಡ್ಡ ಸಾಹೇಬ್ರು ಬರ್ತಾರ. ಅವರ ಮುಂದ ಇಬ್ರೂ ಇಳೀಬೇಕು. ಯಾರು ಬಾಗಲಾ ಬಿಡಿಸಿ ಸರಪಳಿ ಹಾಕ್ತಾರ, ಅವರಿಗೆ ಕಾಯಂ ನೌಕರಿ. ರಾಯಚೂರಾಗ ಕ್ವಾರ್ಟರ್ಸೂ ಕೊಡ್ತಾರ."

"ಒಬ್ಬರಿಗೇನಾ?" ಅಂದ ಮೌನಪ್ಪ.

"ಒಬ್ಬರಿಗೇ."

ಭಾವ ಮೈದುನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಕಣ್ಣೂ ದಪ್ಪ ಅಂಗಿಯ ಮೇಲೆಯೇ ಇತ್ತು.

"ಈ ಅಂಗಿ ಒಳಗ ನೀರು ಬರಂಗಿಲ್ಲೇನ್ರಿ?" ಅಂತ ಉರುಕುಂದ ಕೇಳಿದ.

"ಬರ್ತದ. ಒಳಗ ಬಂದ ನೀರು ಅಲ್ಲೇ ನಿಲ್ಲಬೇಕು. ನಿಮ್ಮ ಮೈ ಕಾವಿಗೆ ಅದು ಬೆಚ್ಚಗಾಗ್ತದ, ಅದ ನಿಮ್ಮನ್ನ ಕಾಯ್ತದ. ಅಂಗಿ ಸಡಲ ಇತ್ತಂದ್ರ ಬೆಚ್ಚಗಿನ ನೀರು ಹೋಗ್ತದ, ಹೊಸಾ ಥಣ್ಣೀರು ಬರ್ತದ. ಆಗ ಹಾಕ್ಕೊಂಡ್ರೂ ಒಂದ, ಬಿಟ್ರೂ ಒಂದ. ದಪ್ಪ ಇರ್ಲಿ ತೆಳ್ಳಗಿರ್ಲಿ, ಮೈಗೆ ಹತ್ತಬೇಕು." ಅಷ್ಟು ಹೇಳಿ ಮೇಸ್ತ್ರಿ ಬೀಡಿ ಹಚ್ಚಿಕೊಂಡ. "ಯಾರಿಗೆ ಯಾವುದು ಅನ್ನೋದು ನಿಮ್ಮ ಮನಿ ಮಾತು. ಮನ್ಯಾಗ ಕುಂತು ಬಗಿಹರಿಸ್ಕೋರಿ."

ಮನೆಯಲ್ಲಿ ಕತ್ತರಿ ಸೂಜಿ ಬಲ್ಲವಳು ಶೇಖಮ್ಮ ಒಬ್ಬಳೇ. ಹಿಂದೆ ಮೌನಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದಾಗ ಪಕ್ಕದ ಮನೆಯ ಉಮ್ಮೇ ಕುಲ್ಸುಮ್ ಅವಳಿಗೆ ಹೊಲಿಗೆ ಕಲಿಸಿದ್ದಳು. ಅದಕ್ಕೇ ಉರುಕುಂದ ಎರಡೂ ಅಂಗಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅಕ್ಕನ ಮುಂದೆ ಇಳಿಸಿದ.

"ಯಕ್ಕಾ, ನೀನ ಹೇಳು. ನೀ ಹೇಳಿದಂಗ ಇಬ್ರೂ ಕೇಳ್ತೀವಿ. ಹೌದಲ್ಲೇನು ಮಾವಾ?"

"ಹೇಳ್ಲಿ," ಅಂದ ಮೌನಪ್ಪ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಶೇಖಮ್ಮ ಹಂಡೆಯಲ್ಲಿ ಹೊಳೆಯ ನೀರು ತುಂಬಿಟ್ಟಿದ್ದಳು. ಮೊದಲು ಇಬ್ಬರೂ ದಪ್ಪ ಅಂಗಿ ಹಾಕಿ ನೋಡಿದರು. ಉರುಕುಂದ ಉದ್ದಕ್ಕೆ ಬೆಳೆದ ಸಪೂರ ಆಳು. ಒಂದಿಷ್ಟು ಜೋಳದ ಹಿಟ್ಟು ಉದುರಿಸಿಕೊಂಡು ಕಾಲು ತೂರಿಸಿದ, ತೋಳು ತೂರಿಸಿದ. ಶೇಖಮ್ಮ ಬೆನ್ನಿನ ಜಿಪ್ಪು ಎಳೆದಳು. ಅಂಗಿ ಎಲ್ಲಿಯೂ ಸುಕ್ಕಾಗದೆ, ಅವನ ಮೈಯ ಮೇಲೆಯೇ ಎರಕ ಹೊಯ್ದಂತೆ ಕೂತಿತು. ಕುತ್ತಿಗೆಯಿಂದ ಒಂದು ತಂಬಿಗೆ ನೀರು ಸುರಿದಳು.

"ಹೆಂಗದ ತಮ್ಮಾ?"

"ಮೊದಲ ಚುಳ್ ಅಂತು ಯಕ್ಕಾ. ಈಗ... ಈಗ ಏನೂ ಇಲ್ಲ. ಬೆಚ್ಚಗ ಅದ!" ಅಂದು ಅವನು ಅಂಗಳದ ತುಂಬ ಕುಪ್ಪಳಿಸಿದ. ನೋಡಲು ನೆರೆದಿದ್ದ ಕೂಲಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಮೌನಪ್ಪ ಗಿಡ್ಡ, ಎದೆ ಅಗಲ, ಹೊಟ್ಟೆಯೂ ಸ್ವಲ್ಪ ಮುಂದೆ. ಅದೇ ಅಂಗಿಗೆ ಅವನು ಮೈ ತುರುಕುವಷ್ಟರಲ್ಲಿ ಬೆವತುಹೋದ. ಜಿಪ್ಪು ನಡುವಿನ ಮೇಲೆ ಏರಲೇ ಇಲ್ಲ. ಬೆನ್ನು ಬಾಯ್ದೆರೆದು ನಿಂತಿತು. ತಂಬಿಗೆಯ ನೀರು ಸುರಿದರೆ ಬೆನ್ನ ಮೇಲಿಂದ ಹರಿದು ಕಾಲಬುಡದಲ್ಲಿ ಸೋರಿತು.

ತೆಳ್ಳನೆಯ ಅಂಗಿಯೋ, ಅಗಲ ಮೈಯವರಿಗೆಂದೇ ಮಾಡಿದ್ದು. ಮೌನಪ್ಪನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಉರುಕುಂದನ ಮೇಲೆ ಕೋಲಿಗೆ ಚೀಲ ತೊಡಿಸಿದಂತೆ ಜೋತಾಡಿತು. ಕಣ್ಣಿದ್ದ ಯಾರಿಗೂ ಇದರಲ್ಲಿ ಸಂಶಯವಿರಲಿಲ್ಲ. ದಪ್ಪಂದು ತಮ್ಮನಿಗೆ, ತೆಳ್ಳಂದು ಗಂಡನಿಗೆ. ಶೇಖಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮೌನಪ್ಪ ಅಂಗಿ ಕಳಚುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದ:

"ಭೇಷ್. ಅಕ್ಕ ತಮ್ಮ ಕೂಡಿ ಛಲೋ ಅಳತಿ ತಗದ್ರಿ."

ಹೆಂಗಸರ ನಗು ನಿಂತಿತು. ಮಧ್ಯಾಹ್ನ ಅವನು ಉಣ್ಣಲಿಲ್ಲ. ರೊಟ್ಟಿ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದ. ಅತ್ತೆ ಹೊಸ್ತಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತ, "ಇಷ್ಟ ವರ್ಷ ಅವನ್ನ ಉಣಿಸಿ ಬೆಳಿಸಿದಾಂವ ನನ್ನ ಮಗ. ಈಗ ತನ್ನ ನೌಕರಿನ್ನೂ ಅವಗ ಕೊಡ್ಲಿ ಬಿಡು," ಅಂದಳು. ಕತ್ತರಿಸಿದ ಹೋಳು ಬಾಯಿಗೆ ಹಾಕಿಕೊಂಡು, "ತವರಿನ ರಕ್ತ," ಅಂದಳು.

ಶೇಖಮ್ಮ ಒಲೆಯ ಮುಂದೆ ಕೂತು ಬಹಳ ಹೊತ್ತು ಬೂದಿ ಕೆದರಿದಳು. ತಮ್ಮನಿಗೆ ಇನ್ನೂ ಬಾಳು ಉದ್ದಕ್ಕಿದೆ, ಇನ್ನೊಂದು ಕೆಲಸ ಸಿಕ್ಕೀತು ಅಂದುಕೊಂಡಳು. ಗುಂಜಹಳ್ಳಿಯವರು ನೌಕರಿ ಆದರೆ ಅವನಿಗೆ ಹೆಣ್ಣು ಕೊಡುತ್ತೇವೆ ಎಂದಿದ್ದರು, ಅದು ನೆನಪಾಯಿತು. ಅದನ್ನು ಹತ್ತಿಕ್ಕಿದಳು. ತಾನು ಈ ಮನೆಯಲ್ಲಿ ಇರಬೇಕಾದವಳು, ಹೋಗಲು ಬೇರೆ ಮನೆ ಇಲ್ಲದವಳು. ಹೊರಗೆ ಬಂದಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು.

"ದಪ್ಪಂದು ಇವರಿಗೆ ಇರ್ಲಿ. ನಾ ಬಗಲಾಗ ಕೊಯ್ದು ರಬ್ಬರ್ ಸೇರಿಸಿ ಅಗಲ ಮಾಡ್ತೀನಿ. ತೆಳ್ಳಂದನ್ನ ನಿನಗ ಹಿಡಿದು ಹೊಲೀತೀನಿ ಉರುಕುಂದಾ. ಇಬ್ಬರಿಗೂ ಮೈಗೆ ಹತ್ತಂಗ ಮಾಡ್ತೀನಿ."

ಉರುಕುಂದ ಅಕ್ಕನ ಮುಖವನ್ನೇ ನೋಡಿದ. ನಗಲು ಹೋಗಿ, ನಗು ಬರದೆ, "ಆತು ಯಕ್ಕಾ," ಅಂದ. ಮೌನಪ್ಪ ರೊಟ್ಟಿಯ ತಾಟು ಹತ್ತಿರ ಎಳೆದುಕೊಂಡ.

ಅಂಗಿಗಳನ್ನು ಗಂಟು ಕಟ್ಟಿಕೊಂಡು ಅವಳು ರಾಯಚೂರಿನ ಬಸ್ಸು ಹತ್ತಿದಳು. ಉಮ್ಮೇ ಕುಲ್ಸುಮಳ ಗಂಡ ಸತ್ತಾರ್ ಸಾಬ್ ಬಸ್ ಸ್ಟ್ಯಾಂಡಿನ ಹಿಂದೆ ಪಂಚರ್ ಅಂಗಡಿ ಇಟ್ಟಿದ್ದ. ರಬ್ಬರನ್ನು ಬೆರಳಲ್ಲಿ ಹಿಸುಕಿ, ಹಿಗ್ಗಿಸಿ, ಮೂಸಿ ನೋಡಿ, "ಇದು ಟ್ಯೂಬಿನ ಜಾತಿದಲ್ಲ ತಂಗಿ, ಒಳಗ ಸ್ಪಂಜು ಇದ್ದಂಗ ಅದ. ಸಲ್ಯೂಷನ್ ಹಚ್ಚಿ ತ್ಯಾಪಿ ಕೂಡಿಸ್ತೀನಿ. ಮ್ಯಾಲ ನೀ ದಾರ ಹಾಕು. ಹಿಡಿಯೋದು ಬಿಡೋದು ಮ್ಯಾಲಿನ ಮಾಲೀಕನ ಕೈಯಾಗ," ಅಂದ.

ಕತ್ತರಿ ಹಾಕುವ ಮುಂಚೆ ಉಮ್ಮೇ ಕುಲ್ಸುಮ್ ಎರಡೂ ಅಂಗಿಗಳನ್ನು ಗೋಡೆಗೆ ತೂಗುಹಾಕಿ, ಯಾರು ಹೇಗಿದ್ದಾರೆಂದು ಕೇಳಿದಳು. ಶೇಖಮ್ಮ ಹೇಳಿದಳು. ಕುಲ್ಸುಮ್ ಗಲ್ಲದ ಮೇಲೆ ಕೈಯಿಟ್ಟಳು.

"ನಕ್ಕೋ ಮಾ, ಬ್ಯಾಡ! ಅಗಲಂದನ್ನ ಸಣ್ಣ ಮಾಡ್ತಿ, ಸಣ್ಣದನ್ನ ಅಗಲ ಮಾಡ್ತಿ. ಅದಲು ಬದಲು ಮಾಡಿದ್ರ ಕತ್ತರೀನ ಬೇಕಿಲ್ಲಲ್ಲ ಗೇ!"

"ಅದು ನನಗೂ ಗೊತ್ತದ ಆಪಾ."

"ಗೊತ್ತಿದ್ರ ಮತ್ತ?"

ಶೇಖಮ್ಮ ಗೋಡೆಯಿಂದ ದಪ್ಪ ಅಂಗಿ ಇಳಿಸಿ ತೊಡೆಯ ಮೇಲೆ ಹಾಸಿಕೊಂಡಳು. ಕುಲ್ಸುಮ್ ಎದ್ದು ಒಳಗಿಂದ ದೊಡ್ಡ ಕತ್ತರಿ ತಂದುಕೊಟ್ಟಳು. ದಪ್ಪ ಅಂಗಿಯ ಬಗಲಿನಿಂದ ನಡುವಿನವರೆಗೆ ಶೇಖಮ್ಮ ಕೊಯ್ದಳು. ರಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಕತ್ತರಿಗೆ ತಡೆದು ತಡೆದು ಬಿಟ್ಟುಕೊಡುತ್ತಿತ್ತು. ಇನ್ನು ಈ ಅಂಗಿ ಉರುಕುಂದನಿಗಂತೂ ಆಗುವುದಿಲ್ಲ ಅನ್ನುವುದು ಕೈಗೆ ಅರಿವಾದಾಗ ಅವಳ ಕಣ್ಣು ಮಂಜಾದವು. ಆದರೂ ಕೆಲಸದಲ್ಲಿ ಮೋಸ ಮಾಡಲಿಲ್ಲ. ಮೇಣ ಸವರಿದ ದಾರದಿಂದ, ಒಂದು ಹೊಲಿಗೆ ಇನ್ನೊಂದನ್ನು ಮುಟ್ಟುವಷ್ಟು ಒತ್ತಾಗಿ, ಬೆರಳಲ್ಲಿ ಗುಳ್ಳೆ ಏಳುವ ತನಕ ಎರಡೂ ಅಂಗಿಗಳನ್ನು ಹೊಲಿದಳು. ಗಂಡನದಕ್ಕೆ ಒಂದು ಸಾಲು ಹೊಲಿಗೆ ಹೆಚ್ಚೇ ಹಾಕಿದಳು.

ಸೋಮವಾರ ದೊಡ್ಡ ಸಾಹೇಬರ ಜೀಪು ಬಂತು. ಬಾವಿಯ ಸುತ್ತ ಕುರ್ಚಿ ಹಾಕಿದರು. ಕೆಲಸ ನಿಲ್ಲಿಸಿ ಕೂಲಿಯವರೆಲ್ಲ ದಂಡೆಯಲ್ಲಿ ಸೇರಿದರು. ಶೇಖಮ್ಮ ಬೆಂಕಿ ಹಾಕಿಕೊಂಡು ಎಂದಿನ ಜಾಗದಲ್ಲೇ ಕೂತಿದ್ದಳು.

ಮೊದಲು ಇಳಿದವನು ಮೌನಪ್ಪ. ಜಿಪ್ಪು ಈಗ ಸಲೀಸಾಗಿ ಏರಿತ್ತು. ದಪ್ಪ ರಬ್ಬರು ಮೇಲಕ್ಕೆ ತೇಲಿಸುತ್ತದೆಂದು ಬುರ್ಹಾನುದ್ದೀನ್ ಅವನ ಸೊಂಟದ ಪಟ್ಟಿಗೆ ಒಂದಿಷ್ಟು ಸೀಸದ ಗುಂಡು ಹೆಚ್ಚಿಗೆ ಕಟ್ಟಿದ. ಮೌನಪ್ಪ ಏಣಿ ಇಳಿದು ನೀರಿನಲ್ಲಿ ಮರೆಯಾದ. ಗುಳ್ಳೆಗಳು ಏಳುತ್ತಿದ್ದವು. ಶೇಖಮ್ಮ ಆ ಗುಳ್ಳೆಗಳನ್ನೇ ನೋಡುತ್ತಿದ್ದಳು. ಕೊಂಬೆಗಳು ಒಂದೆರಡು ಮೇಲೆ ತೇಲಿಬಂದವು. ಜನ ಕೂಗು ಹಾಕಿದರು. ಅಷ್ಟರಲ್ಲೇ ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿತು. ಜಗ್ಗಿದರೆ ಮೇಲೆತ್ತಬೇಕೆಂದು ಅರ್ಥ.

ಮೇಲೆ ಬಂದವನ ಹಲ್ಲು ಕಟಕಟ ಅನ್ನುತ್ತಿತ್ತು. ಎಡ ಬಗಲಿನ ತ್ಯಾಪೆ ಅಂಗೈಯಗಲ ಬಿಚ್ಚಿಕೊಂಡಿತ್ತು. ಕುಡುಗೋಲು ಬೀಸಲು ಕೈ ಎತ್ತಿದಾಗಲೆಲ್ಲ ಸೀಳು ಬಾಯ್ತೆರೆದು ತಣ್ಣೀರು ಒಳನುಗ್ಗಿತ್ತು. ಅಂಬಲಿ ಇನ್ನೂ ಕಾದಿರಲಿಲ್ಲ, ಅವನು ಕಂಬಳಿ ಹೊದ್ದು ಆಚೆ ಹೋಗಿ ಕೂತ.

ಆಮೇಲೆ ಉರುಕುಂದ ಇಳಿದ. ಅವನ ಅಂಗಿ ತೆಳ್ಳಗಿತ್ತು ನಿಜ, ಆದರೆ ಹೊಲಿಗೆ ಹಿಡಿದಿತ್ತು. ಅವನು ಹೋದವನು ಮೇಲೆ ಬರಲೇ ಇಲ್ಲ. ಕೊಂಬೆಯ ಮೇಲೆ ಕೊಂಬೆ ತೇಲಿಬಂದವು, ಬೇರಿನ ಸಿಂಬಿಗಳು ಬಂದವು. ನೀರೆಲ್ಲ ರಾಡಿಯಾಯಿತು. ಸಾಹೇಬರು ಕುರ್ಚಿಯಿಂದೆದ್ದು ಅಂಚಿಗೆ ಬಂದು ನಿಂತರು. ಸರಪಳಿ ಇಳಿಸಿದರು. ಅದು ಒಮ್ಮೆ ಬಿಗಿಯಾಯಿತು, ಮತ್ತೆ ಸಡಿಲವಾಯಿತು. ಮತ್ತೆ ಬಿಗಿಯಾಯಿತು, ಮತ್ತೆ ಸಡಿಲ. ಕೊಕ್ಕೆ ಸಿಕ್ಕಿಸಲು ಅವನ ಬೆರಳು ಹಿಡಿತ ಕಳೆದುಕೊಂಡಿದ್ದವೆಂದು ಮೇಲಿದ್ದವರಿಗೆ ತಿಳಿಯುವುದು ಹೇಗೆ? ಕೊನೆಗೂ ಹಗ್ಗ ಜಗ್ಗಲಿಲ್ಲ. ಗುಳ್ಳೆಗಳು ಮಾತ್ರ ಒಂದೇ ಕಡೆ ಏಳುತ್ತ ನಿಂತವು.

"ಎಳೀರಿ! ಎಳೀರಿ ಅವನ್ನ!" ಅಂತ ಬುರ್ಹಾನುದ್ದೀನ್ ಚೀರಿದ. ನಾಲ್ಕಾರು ಆಳು ಸೇರಿ ಒಂದೇ ಉಸಿರಿಗೆ ಎಳೆದರು. ಕಿವಿಗೆ ಪೆಟ್ಟಾಗದಂತೆ ನಿಧಾನವಾಗಿ ಎಳೆಯಬೇಕೆಂಬುದು ಆ ಗಾಬರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಉರುಕುಂದ ಮರದ ತುಂಡಿನಂತೆ ಮೇಲೆ ಬಂದ. ಬಲಗಿವಿಯಿಂದ ರಕ್ತ ಇಳಿಯುತ್ತಿತ್ತು.

ಶೇಖಮ್ಮ ಓಡಿಹೋಗಿ ಅವನನ್ನು ತಬ್ಬಿ ಬೆಂಕಿಯ ಬಳಿ ತಂದಳು. ಅವನು ಉಸಿರಾಡುತ್ತಿದ್ದ, ಕಣ್ಣು ತೆರೆದಿದ್ದ, ಮಾತು ಮಾತ್ರ ಬರುತ್ತಿರಲಿಲ್ಲ. ಅಂಬಲಿಯ ಬಟ್ಟಲನ್ನು ಅವನ ತುಟಿಗೆ ಹಿಡಿದಳು. ಮೊದಲ ಸಲ, ಗಂಡನಿಗಿಂತ ಮುಂಚೆ ತಮ್ಮನಿಗೆ ಹಿಡಿದಳು.

ಕಂಬಳಿ ಹೊದ್ದು ಆಚೆ ಕೂತಿದ್ದ ಮೌನಪ್ಪ ಅದನ್ನು ನೋಡಿದ. ಬಿಚ್ಚಿದ ಅಂಗಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದ.

"ನೋಡ್ರಪಾ ಎಲ್ರೂ. ಗಂಡಗ ಹೊಲಿದದ್ದು ಬಿಚ್ಚಿಕೊಂತು. ತಮ್ಮಗ ಹೊಲಿದದ್ದು ಒಂದೆಳಿ ಹರೀಲಿಲ್ಲ. ಹೊಲಿದ ಕೈ ಒಂದ. ಯಾಕ ಹಿಂಗಾತು ಅಂತ ನೀವ ಹೇಳ್ರಿ."

ಎಲ್ಲರೂ ಶೇಖಮ್ಮಳ ಕಡೆ ತಿರುಗಿದರು. ಅಂಗಳದಲ್ಲಿ ನಕ್ಕಿದ್ದ ಹೆಂಗಸರೂ ಅವರಲ್ಲಿದ್ದರು. ಇವಳ ಕೈಯಲ್ಲಿ ಗುಳ್ಳೆಗಳಿದ್ದವು. ತೋರಿಸಿದರೆ ಏನು ಬಂತು? ಅವಳು ತಮ್ಮನ ಮುಖ ನೋಡಿದಳು. ಅವನಾದರೂ ಒಂದು ಮಾತು ಆಡಿಯಾನು ಅಂತ ಕಾದಳು. ನಡುಕ ಒಂದಿಷ್ಟು ಇಳಿದ ಮೇಲೆ ಉರುಕುಂದ ಮಾತಾಡಿದ.

"ಯಕ್ಕಾ, ಕೊಕ್ಕಿ ಬಾಗಲಕ ಮುಟ್ಟಿತ್ತು, ಸಿಗಿಸಾಕ ಆಗಲಿಲ್ಲ. ಬೆರಳ ಇದ್ದಿಲ್ಲ ನನಗ. ದಪ್ಪಂದು ಇದ್ದಿದ್ರ ಹಾಕಿ ಬರ್ತಿದ್ದೆ." ಉಸಿರು ಎಳೆದುಕೊಂಡು ಮತ್ತೆ ಅಂದ. "ಅವತ್ತ ಅಂಗಳದಾಗ ನಿನಗ ಕಂಡಿತ್ತು. ನಿನ್ನ ಬಾಯಿ ತೆರೆದಿತ್ತು. ನಾ ನೋಡೀನಿ."

ದೊಡ್ಡ ಸಾಹೇಬರು ಇಬ್ಬರೂ ಬೇಡ ಅಂದು ಜೀಪು ಹತ್ತಿದರು. ಆ ಕಾಯಂ ನೌಕರಿ ಆಮೇಲೆ ಕಂತ್ರಾಟುದಾರನ ಹತ್ತಿರದವನೊಬ್ಬನಿಗೆ ಹೋಯಿತು. ಅವನು ಒಂದು ದಿನವೂ ನೀರಿಗಿಳಿದವನಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಬಾವಿಯ ನೀರನ್ನು ಪಂಪಿನಿಂದ ಹೊರಹಾಕಿ, ಕೂಲಿಯಾಳುಗಳು ಮೊಣಕಾಲು ಕೆಸರಿನಲ್ಲಿ ನಿಂತು ಬಾಗಿಲನ್ನು ಎತ್ತಿದರು. ಯಾರೂ ಮುಳುಗುವ ಅಗತ್ಯವೇ ಬೀಳಲಿಲ್ಲ. ಕೆಸರು ಹೊತ್ತವರಲ್ಲಿ ಮೌನಪ್ಪನೂ ಇದ್ದ, ಶೇಖಮ್ಮಳೂ ಇದ್ದಳು.

ಉರುಕುಂದ ಅಷ್ಟರಲ್ಲಿ ಹೊರಟುಹೋಗಿದ್ದ. ರಾಯಚೂರಿನ ದವಾಖಾನೆಯಲ್ಲಿ ಒಂದಿಷ್ಟು ದಿನ ಇದ್ದು, ಬಲಗಿವಿ ಇನ್ನು ಕೇಳುವುದಿಲ್ಲ ಅನ್ನಿಸಿಕೊಂಡು, ಅಲ್ಲಿಂದಲೇ ಸೀದಾ ಹಿರೇಕೊಟ್ನೆಕಲ್ಲಿಗೆ ಚಿಕ್ಕಪ್ಪನ ಮನೆಗೆ ಹೋದ. ಶೆಡ್ಡಿನಲ್ಲಿದ್ದ ತನ್ನ ಟ್ರಂಕನ್ನು ಬೇರೆಯವರ ಕೈಲಿ ತರಿಸಿಕೊಂಡ. ಕಿವುಡನಿಗೆ ಹೆಣ್ಣು ಕೊಡುವುದಿಲ್ಲವೆಂದು ಗುಂಜಹಳ್ಳಿಯವರು ಹೇಳಿ ಕಳಿಸಿದರು. ಶೇಖಮ್ಮ ದವಾಖಾನೆಗೆ ಹೋದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆ ಮಾಡುತ್ತಿದ್ದಾನೆಂದು ತಿಳಿದು ಕಾಲಬುಡದಲ್ಲಿ ಕೂತಿದ್ದು ಎದ್ದುಬಂದಳು. ಅವನು ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದು ಬಸ್ಸಿನಲ್ಲಿ ಹೊಳೆಯಿತು.

ಮುಂದಿನ ವರ್ಷ ಒಂದು ಸಂಜೆ ಮೌನಪ್ಪ ಸೇಂದಿ ಕುಡಿದು ಬಂದು ಕಟ್ಟೆಯ ಮೇಲೆ ಕೂತಿದ್ದ. ಯಾಕೆ ನೆನಪಾಯಿತೋ, ತಾನಾಗಿಯೇ ಮಾತೆತ್ತಿದ.

"ಆ ದಪ್ಪ ಅಂಗಿ ಉರುಕುಂದಂದ ಇತ್ತು ಬಿಡು. ಹಾಕ್ಕೊಂಡ ಕೂಡ್ಲೆ ನನಗ ತಿಳಿದಿತ್ತು."

ಶೇಖಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಮತ್ತ ಯಾಕ ತಗೊಂಡ್ರಿ?"

"ನೀ ಕೊಡಂಗಿಲ್ಲ ಅಂತ ಅಂದ್ಕೊಂಡಿದ್ದೆ. ಬ್ಯಾಡ, ಅದು ತಮ್ಮಂದು ಅಂತ ನೀ ಅಂದಿದ್ರ ನಾ ಸುಮ್ನ ಆಗ್ತಿದ್ದೆ. ನೀ ಅನಲಿಲ್ಲ."

"ಅಂದಿದ್ರ ಸುಮ್ನ ಆಗ್ತಿದ್ರಿ?"

"ಆಗ್ತಿದ್ನೋ ಏನೋ," ಅಂದು ಅವನು ಕಟ್ಟೆಯ ಮೇಲೆಯೇ ಮಗ್ಗಲು ಹೊರಳಿಸಿದ.

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೊರ ಮತ್ತೆ ಕೈಗೆತ್ತಿಕೊಂಡಳು. ತಮ್ಮನನ್ನು ಹಿಡಿದು ಒಂದು ಸಲ ಹೇಳಬೇಕು, ನನಗೆ ಕಂಡಿತ್ತು, ಹೆದರಿ ನಿನ್ನದನ್ನು ಕಸಿದು ಕೊಟ್ಟೆ ಅಂತ ಬಾಯಿಬಿಟ್ಟು ಹೇಳಬೇಕು ಅನ್ನಿಸಿತು.

ಅವನ ಮದುವೆಯ ಸುದ್ದಿ ಅವಳಿಗೆ ಸಂತೆಯಲ್ಲಿ ಸಿಕ್ಕಿತು. ಅರಕೇರಾದ ಹುಡುಗಿಯಂತೆ, ಮದುವೆ ಹಿರೇಕೊಟ್ನೆಕಲ್ಲಿನಲ್ಲೇ ಅಂತೆ. ಕರೆಯಲು ಯಾರೂ ಬರಲಿಲ್ಲ. ಹಿಂದಿನ ದಿನದವರೆಗೂ ಕಾದಳು. ಬೆಳಗಾದಾಗ ಒಂದು ಹೊಸ ಧೋತರ, ಒಂದು ಕುಪ್ಪಸದ ಕಣ ಗಂಟು ಕಟ್ಟಿಕೊಂಡು ಮಾನ್ವಿಯ ಬಸ್ಸು ಹತ್ತಿದಳು. ಮೌನಪ್ಪ ಎಲ್ಲಿಗೆಂದು ಕೇಳಲಿಲ್ಲ.

ಅವಳು ತಲುಪಿದಾಗ ಮದುಮಗನಿಗೆ ಅರಿಷಿಣ ಹಚ್ಚುತ್ತಿದ್ದರು. ಕರೆಯದೆ ಬಂದವಳನ್ನು ನೋಡಿ ಹೆಂಗಸರ ಹಾಡು ಒಂದು ಗಳಿಗೆ ತಡೆದು ಮತ್ತೆ ಮುಂದುವರಿಯಿತು. ಚಿಕ್ಕಮ್ಮ, "ಬಂದಿ? ಬಾ," ಅಂದಳು. ಶೇಖಮ್ಮ ಬಟ್ಟಲಿನಿಂದ ಅರಿಷಿಣ ತೆಗೆದುಕೊಂಡು ತಮ್ಮನ ಮಗ್ಗುಲಿಗೆ ಕೂತು ಅವನ ಗಲ್ಲಕ್ಕೆ ಹಚ್ಚಿದಳು. ಅವನು ತಲೆ ತಗ್ಗಿಸಿದ್ದ. ಹಾಡಿನ ಮರೆಯಲ್ಲಿ, ಅವನ ಕಿವಿಯ ಹತ್ತಿರ ಬಾಗಿ, ಅವಳು ಎಲ್ಲ ಹೇಳಿದಳು.

"ಉರುಕುಂದಾ, ನೀ ಅಂದದ್ದು ಖರೆ. ನನಗ ಕಂಡಿತ್ತು. ಅಂಗಿ ನಿಂದ ಇತ್ತು. ಮನಿ ಬಿಡಿಸ್ತಾರ ಅಂತ ಹೆದರಿದೆ. ನಿನ್ನ ಕೈಯಾಂದು ಕಸಗೊಂಡು ಕೊಟ್ಟೆ. ಹೊಲಿಗ್ಯಾಗ ಮೋಸ ಮಾಡ್ಲಿಲ್ಲಪ್ಪಾ, ಆದ್ರ ಮಾತಿನ್ಯಾಗ ಮಾಡಿದೆ. ಹೊಟ್ಟ್ಯಾಗ ಹಾಕ್ಕೋ."

ಉರುಕುಂದ ತಲೆ ಎತ್ತಿದ. ಮುಖ ಈ ಕಡೆ ತಿರುಗಿಸಿದ.

"ಏನಂದಿ? ಈ ಕಿವಿ ಕೇಳಂಗಿಲ್ಲ ನನಗ. ಆ ಕಡಿ ಬಂದು ಹೇಳು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಊರಿಗೆ ಬಂದ ಯಾರೋ ಬೀಗರ ಕಡೆಯವಳಿಗೆ ಹೇಳಿದಂತಿತ್ತು. ಆ ಕಡೆ ಚಿಕ್ಕಮ್ಮ ಕೂತಿದ್ದಳು, ಚಿಕ್ಕಪ್ಪನ ಮಗಳು ಬಂಡೆಮ್ಮ ಕೂತಿದ್ದಳು, ಇನ್ನೂ ನಾಲ್ಕು ಜನ ಕೂತು ಇವಳನ್ನೇ ನೋಡುತ್ತಿದ್ದರು. ಶೇಖಮ್ಮ ಕೈಯ ಅರಿಷಿಣವನ್ನು ಸೆರಗಿಗೆ ಒರೆಸಿಕೊಂಡಳು. ಇನ್ನೊಂದು ಸಲ ಹೇಳುವ ಬಲ ಅವಳಲ್ಲಿ ಉಳಿದಿರಲಿಲ್ಲ.

"ಏನಿಲ್ಲಪ್ಪಾ. ಸೊರಗೀದಿ ಅಂದೆ."

"ಹೂಂ," ಅಂದ ಅವನು. "ಕುಂದ್ರು. ಉಂಡು ಹೋಗು."

ಅಕ್ಷತೆಯ ಹೊತ್ತಿಗೆ ಮದುಮಗನ ಹಿಂದೆ ಕಳಸ ಹಿಡಿದು ನಿಲ್ಲಬೇಕಾದವಳು ಒಡಹುಟ್ಟಿದವಳು. ಶೇಖಮ್ಮ ಸೆರಗು ಸರಿ ಮಾಡಿಕೊಂಡು, ಯಾರಾದರೂ ಕರೆದಾರೆಂದು ಕಂಬದ ಪಕ್ಕಕ್ಕೆ ಬಂದು ನಿಂತಳು. ಕಳಸವನ್ನು ಬಂಡೆಮ್ಮಳ ಕೈಗೆ ಕೊಟ್ಟರು. ಬಂಡೆಮ್ಮ ಒಮ್ಮೆ ಇವಳ ಕಡೆ ನೋಡಿ ಕಣ್ಣು ತಗ್ಗಿಸಿದಳು. ಬಾಜಾ ಭಜಂತ್ರಿ ಬಾರಿಸಿದರು. ಶೇಖಮ್ಮ ಕೈಯಲ್ಲಿದ್ದ ಅಕ್ಕಿಕಾಳನ್ನು ಎಲ್ಲರ ಜೊತೆ ಎಸೆದಳು. ಅವು ಮುಂದೆ ನಿಂತವರ ತಲೆಯ ಮೇಲೆಯೇ ಬಿದ್ದವು.

ಉಂಡಳು. ಹುಗ್ಗಿ ಬಡಿಸಿದರು, ಬೇಡ ಅನ್ನಲಿಲ್ಲ. ಧೋತರವನ್ನೂ ಕಣವನ್ನೂ ಚಿಕ್ಕಮ್ಮನ ಕೈಗಿಟ್ಟು, ಹೇಳಿ ಹೋಗಲು ತಮ್ಮನನ್ನು ಹುಡುಕಿದಳು. ಅವನು ಬೀಗರ ನಡುವೆ ಕೂತು, ಎಡಗಿವಿ ಮುಂದೆ ಮಾಡಿ, ಯಾರದೋ ಮಾತು ಕೇಳಿ ನಗುತ್ತಿದ್ದ. ಅವಳು ಹಾಗೆಯೇ ಹೊರಟಳು.

ಮಾನ್ವಿಯಲ್ಲಿ ದೇವದುರ್ಗದ ಬಸ್ಸಿಗೆ ಬಿಸಿಲಲ್ಲಿ ಕಾಯಬೇಕಾಯಿತು. ಬಸ್ಸು ಬಂದಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತ ಮುದುಕಿ ಇವಳ ಹಣೆಯ ಅರಿಷಿಣ ಕುಂಕುಮ ನೋಡಿ ಮಾತಿಗಿಳಿದಳು.

"ಯಾರ ಮದುವಿ ಯವ್ವಾ?"

"ನನ್ನ ತಮ್ಮಂದು."

"ಖಾಸ್ ತಮ್ಮನೇನು?"

"ಒಬ್ಬನ ತಮ್ಮ. ನಾನ ಎತ್ತಿ ಬೆಳಿಸೀನಿ."

"ಹಂಗಾದ್ರ ಕಳಸ ನಿಂದ ಆತು," ಅಂದು ಮುದುಕಿ ನಕ್ಕಳು. "ಕಳಸ ಹಿಡಿದಾಕಿಗೆ ಸೀರಿ ಹಾಕ್ತಾರಲ್ಲ, ಏನ ಹಾಕಿದ್ರು?"

ಬಸ್ಸು ಊರು ದಾಟಿ ಹೊಲಗಳ ನಡುವಿನ ಹಾದಿಗೆ ಬಿತ್ತು. ಶೇಖಮ್ಮ ಕಿಟಕಿಯ ಕಡೆ ಮುಖ ಮಾಡಿದಳು, ಮತ್ತೆ ಮುದುಕಿಯ ಕಡೆ ತಿರುಗಿದಳು.

"ಹಸಿರ ಸೀರಿ," ಅಂದಳು. "ಕೆಂಪ ದಡಿದು. ಛಲೋದು ಹಾಕಿದ್ರು."